ನೂರಕ್ಕೆ ಮೂರು ಕಡಿಮೆ: ಜಿ. ಆರ್. ವಿಶ್ವನಾಥ್ ಅವರ ಆಟ ಮತ್ತು ಬದುಕು



ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಬಂತು?" ನೀವು ಎಷ್ಟು ಕಲಿತಿರಿ, ಯಾವ ಪ್ರಶ್ನೆ ಕಠಿಣವಾಗಿತ್ತು, ಅದನ್ನು ಹೇಗೆ ಬಿಡಿಸಿದಿರಿ ಎಂದು ಕೇಳುವವರು ಕಡಿಮೆ. ಕ್ರಿಕೆಟ್ಟಿನಲ್ಲಿಯೂ ಹೀಗೆಯೇ. ನೂರು ರನ್ ಗಳಿಸಿದವನ ಹೆಸರು ಪತ್ರಿಕೆಯ ತಲೆಬರಹದಲ್ಲಿ ಬರುತ್ತದೆ. ತೊಂಬತ್ತೇಳು ಗಳಿಸಿದವನ ಹೆಸರು ಕೆಳಗಿನ ಸಾಲುಗಳಲ್ಲಿ ಎಲ್ಲೋ ಇರುತ್ತದೆ. ಶತಕ ಎಂಬ ಮಾತಿಗೆ ಇರುವ ಬೆಲೆ ತೊಂಬತ್ತೇಳಕ್ಕೆ ಇಲ್ಲ.

ಕುರ್ತಕೋಟಿಯ ಬಯಲಿನಲ್ಲಿ, ಗದಗ-ಬೆಟಗೇರಿಯ ಓಣಿಗಳಲ್ಲಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಶಾಲಾ ಮೈದಾನಗಳಲ್ಲಿ ಬ್ಯಾಟು ಹಿಡಿಯುವ ನೀವು ಒಂದು ಸಂಗತಿ ತಿಳಿದಿರಬೇಕು. ಭಾರತದ ಕ್ರಿಕೆಟ್ ಇತಿಹಾಸದಲ್ಲಿ ಬಹಳ ದೊಡ್ಡದೆಂದು ಎಣಿಸಲಾಗುವ ಆಟಗಳಲ್ಲಿ ಒಂದು ಶತಕವೇ ಅಲ್ಲ. ಅದು ನೂರಕ್ಕೆ ಮೂರು ರನ್ ಕಡಿಮೆ ಇದ್ದ ಆಟ. ಆಡಿದವರು ನಮ್ಮ ಕರ್ನಾಟಕದ ಗುಂಡಪ್ಪ ರಂಗನಾಥ ವಿಶ್ವನಾಥ್. ಅವರ ಆಟದ ಬದುಕನ್ನು ತಿಳಿಯುತ್ತ, ಅಂಕಿ ಏನು ಹೇಳುತ್ತದೆ, ಏನನ್ನು ಹೇಳದೆ ಉಳಿಸುತ್ತದೆ ಎಂಬುದನ್ನೂ ನೋಡೋಣ.

ಭದ್ರಾವತಿಯಿಂದ ಕಾನ್ಪುರಕ್ಕೆ

ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಉಕ್ಕಿನ ಕಾರ್ಖಾನೆಗೆ ಹೆಸರಾದ ಭದ್ರಾವತಿಯಲ್ಲಿ. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಮೈಕಟ್ಟು ಚಿಕ್ಕದು, ಎತ್ತರ ಐದೂವರೆ ಅಡಿಗೂ ಕಡಿಮೆ. ವೇಗದ ಬೌಲರುಗಳನ್ನು ಎದುರಿಸಿ ನಿಲ್ಲಲು ಆಳೆತ್ತರದ ದೇಹ ಬೇಕು ಎಂದು ನಂಬಿದವರಿಗೆ ಈ ಹುಡುಗ ದಾಂಡಿಗನಂತೆ ಕಾಣುವ ಸಂಭವವೇ ಇರಲಿಲ್ಲ.

1967ರ ನವೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಮೊದಲ ಸಲ ಮೈಸೂರು ರಾಜ್ಯದ ತಂಡಕ್ಕೆ ಆಡಿದರು. ಎದುರಾಳಿ ಆಂಧ್ರ, ಪಂದ್ಯ ನಡೆದದ್ದು ವಿಜಯವಾಡದಲ್ಲಿ. ಆ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಗಳಿಸಿದರು. ಎರಡು ವರ್ಷಗಳ ನಂತರ, 1969ರ ನವೆಂಬರಿನಲ್ಲಿ, ಆಸ್ಟ್ರೇಲಿಯದ ವಿರುದ್ಧ ಕಾನ್ಪುರದಲ್ಲಿ ಮೊದಲ ಟೆಸ್ಟ್ ಪಂದ್ಯವಾಡುವ ಅವಕಾಶ ಬಂತು. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು.

ಇಪ್ಪತ್ತು ವರ್ಷದ ಹುಡುಗ, ಮೊದಲ ಟೆಸ್ಟ್, ಸೊನ್ನೆ. ಮತ್ತೆ ಅವಕಾಶ ಸಿಗುವುದೋ ಇಲ್ಲವೋ ಎಂಬ ಭಯ ಯಾರಿಗಾದರೂ ಸಹಜ. ಆಗ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ತಮಗೆ ಧೈರ್ಯ ತುಂಬಿದರೆಂಬುದನ್ನು ವಿಶ್ವನಾಥ್ ಮುಂದೆ ಅನೇಕ ಬಾರಿ ನೆನೆದಿದ್ದಾರೆ. ಎರಡನೆಯ ಇನ್ನಿಂಗ್ಸ್‌ನಲ್ಲಿ ಅವರು 137 ರನ್ ಗಳಿಸಿದರು. ಒಂದೇ ಪಂದ್ಯದಲ್ಲಿ ಸೊನ್ನೆಯೂ ಬಂತು, ಶತಕವೂ ಬಂತು.

ಆ ಶತಕದ ಜೊತೆಗೆ ಒಂದು ವಿಚಿತ್ರ ಭಾರವೂ ಅವರ ಹೆಗಲೇರಿತು. ಅವರಿಗಿಂತ ಮೊದಲು ಐವರು ಭಾರತೀಯರು ತಮ್ಮ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದಿದ್ದರು: 1933ರಲ್ಲಿ ಲಾಲಾ ಅಮರನಾಥ್, 1952ರಲ್ಲಿ ದೀಪಕ್ ಶೋಧನ್, 1955ರಲ್ಲಿ ಕೃಪಾಲ್ ಸಿಂಗ್, 1959ರಲ್ಲಿ ಅಬ್ಬಾಸ್ ಅಲಿ ಬೇಗ್, 1964ರಲ್ಲಿ ಹನುಮಂತ ಸಿಂಗ್. ಇವರಲ್ಲಿ ಒಬ್ಬರಿಗೂ ಟೆಸ್ಟಿನಲ್ಲಿ ಎರಡನೆಯ ಶತಕ ಒದಗಲಿಲ್ಲ. ಇದೊಂದು ಶಾಪ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ವಿಶ್ವನಾಥ್ ಅವರೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 113 ರನ್ ಗಳಿಸಿ ಆ ಮಾತಿಗೆ ತೆರೆ ಎಳೆದರು. ಎದುರಾಳಿ ತಂಡದ ಟೋನಿ ಗ್ರೇಗ್ ಆರೂವರೆ ಅಡಿ ಎತ್ತರದ ಆಳು. ಅವರು ಓಡಿಬಂದು ವಿಶ್ವನಾಥ್ ಅವರನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಗಳಲ್ಲಿ ಎತ್ತಿ ತೂಗಿದರು. ತಮ್ಮ ತಂಡದ ವಿರುದ್ಧವೇ ಹೊಡೆದ ಶತಕಕ್ಕೆ ಎದುರಾಳಿ ಇಷ್ಟು ಸಂತೋಷಪಟ್ಟದ್ದನ್ನು ಜನ ಬಹುಕಾಲ ನೆನೆದರು.

ಮಣಿಕಟ್ಟಿನ ಆಟ

ವಿಶ್ವನಾಥ್ ಹೆಸರು ಹೇಳಿದರೆ ಹಿರಿಯರು ಕೂಡಲೇ 'ಸ್ಕ್ವೇರ್ ಕಟ್' ಎನ್ನುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಎರೆ ನೆಲದ ನಾಡಿನವರಾದ ನಿಮಗೆ ಚೆಂಡಿನ ಪುಟಿತದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಮಳೆಯ ಮರುದಿನ ಚೆಂಡು ನೆಲ ಬಿಟ್ಟು ಏಳುವುದಿಲ್ಲ. ಬೇಸಿಗೆಯಲ್ಲಿ ಬಿರುಕಿಗೆ ತಗುಲಿದ ಚೆಂಡು ಎತ್ತ ಹೋಗುತ್ತದೆಂದು ಹೇಳಲಾಗದು. ಚೆಂಡು ಬಿದ್ದ ಮೇಲೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದನ್ನು ಬೇಗ ಅಳೆಯುವವನೇ ಒಳ್ಳೆಯ ದಾಂಡಿಗ. ಪಿಚ್ಚಿನ ಎರಡೂ ಕಡೆಯ ವಿಕೆಟ್ಟುಗಳ ನಡುವೆ ಇರುವುದು 22 ಗಜ, ಅಂದರೆ 20 ಮೀಟರಿಗಿಂತ ಸ್ವಲ್ಪ ಹೆಚ್ಚು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರನ ಕೈ ಬಿಟ್ಟು ದಾಂಡಿಗನನ್ನು ತಲುಪಲು ಬೇಕಾಗುವುದು ಸುಮಾರು ಅರ್ಧ ಸೆಕೆಂಡು. ಅಷ್ಟರೊಳಗೆ ಚೆಂಡನ್ನು ಕಾಣಬೇಕು, ಅದು ಬೀಳುವ ಜಾಗ ಅಂದಾಜು ಮಾಡಬೇಕು, ಕಾಲು ಇಡಬೇಕು, ಬ್ಯಾಟು ಬೀಸಬೇಕು.

ಬೌಲರ್ ಚೆಂಡನ್ನು ತನ್ನತ್ತಲೇ ಸ್ವಲ್ಪ ಹಿಂದೆ ಬೀಳಿಸಿ, ದಾಂಡಿಗನ ಬಲಗಡೆಗೆ ದೂರವಾಗಿ ಎಸೆದನೆಂದು ಭಾವಿಸಿ. ಬಲಗೈ ದಾಂಡಿಗನಾದ ವಿಶ್ವನಾಥ್ ಆಗ ಹಿಂದಿನ ಕಾಲನ್ನು ಆಫ್ ಕಡೆಗೆ ಅಡ್ಡ ಇಟ್ಟು, ಚೆಂಡು ತಮ್ಮ ಮೈಗೆ ಸಮನಾಗಿ ಬರುವವರೆಗೂ ಕಾದು, ಬ್ಯಾಟನ್ನು ಮೇಲಿನಿಂದ ಅಡ್ಡಲಾಗಿ ಇಳಿಸುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗುತ್ತಿತ್ತು. ಚೆಂಡು ಆಫ್ ಕಡೆಯ ಬೌಂಡರಿಗೆ ನೆಲಕ್ಕಂಟಿಕೊಂಡು ಓಡುತ್ತಿತ್ತು. ಇದೇ ಸ್ಕ್ವೇರ್ ಕಟ್. ಇನ್ನೂ ಸ್ವಲ್ಪ ತಡಮಾಡಿ ಚೆಂಡು ಮೈ ದಾಟುವಾಗ ಮುಟ್ಟಿದರೆ ಅದು ಲೇಟ್ ಕಟ್.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಇಲ್ಲಿ ಬೇಕಾದದ್ದು ತೋಳಿನ ಬಲವಲ್ಲ. ಚೆಂಡಿನಲ್ಲಿ ಆಗಲೇ ಇರುವ ವೇಗಕ್ಕೆ ದಿಕ್ಕು ಬದಲಿಸಿಕೊಡುವುದಷ್ಟೇ ಕೆಲಸ. ಹೀಗಾಗಿ ಬೌಲರ್ ಎಷ್ಟು ಜೋರಾಗಿ ಎಸೆದರೆ ಚೆಂಡು ಅಷ್ಟೇ ಜೋರಾಗಿ ಬೌಂಡರಿಗೆ ಹೋಗುತ್ತದೆ. ಎರಡನೆಯದು, ಗಿಡ್ಡಗಿದ್ದವನಿಗೆ ಇದು ವರವೂ ಹೌದು. ಎತ್ತರದವನಿಗೆ ಸೊಂಟದ ಮಟ್ಟಕ್ಕೆ ಬರುವ ಚೆಂಡು ಗಿಡ್ಡನಿಗೆ ಎದೆಮಟ್ಟಕ್ಕೆ ಬರುತ್ತದೆ. ಆದ್ದರಿಂದ ಹಿಂದಕ್ಕೆ ಸರಿದು ಆಡುವ ಅವಕಾಶ ಅವನಿಗೆ ಹೆಚ್ಚು ಸಲ ಸಿಗುತ್ತದೆ. ಅವಕಾಶದ ಜೊತೆಗೆ ಅಪಾಯವೂ ಉಂಟು. ಒಂದು ಕ್ಷಣ ಬೇಗ ಬೀಸಿದರೆ ಚೆಂಡು ಬ್ಯಾಟಿನ ಅಂಚಿಗೆ ತಗುಲಿ ಹಿಂದೆ ಸ್ಲಿಪ್ಪಿನಲ್ಲಿ ನಿಂತವರ ಕೈಸೇರುತ್ತದೆ. ಕೊರತೆಯೆಂದು ಜನ ಎಣಿಸಿದ್ದನ್ನು ಅಭ್ಯಾಸದಿಂದ ಅನುಕೂಲವಾಗಿ ಮಾಡಿಕೊಂಡದ್ದೇ ವಿಶ್ವನಾಥ್ ಅವರ ಹೆಚ್ಚುಗಾರಿಕೆ.

ಮದರಾಸಿನ ತೊಂಬತ್ತೇಳು

ಈಗ ಮೊದಲು ಹೇಳಿದ ಆ ಆಟಕ್ಕೆ ಬರೋಣ. 1974-75ರಲ್ಲಿ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಿತ್ತು. ಬೆಂಗಳೂರು ಮತ್ತು ದೆಹಲಿಯ ಮೊದಲ ಎರಡು ಟೆಸ್ಟುಗಳಲ್ಲಿ ಭಾರತ ಸೋತಿತು. ಕಲಕತ್ತೆಯ ಮೂರನೆಯ ಟೆಸ್ಟಿನಲ್ಲಿ ವಿಶ್ವನಾಥ್ 139 ರನ್ ಗಳಿಸಿದರು, ಭಾರತ ಗೆದ್ದಿತು. ನಾಲ್ಕನೆಯ ಟೆಸ್ಟ್ 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ಆರಂಭವಾಯಿತು. ಸುನಿಲ್ ಗಾವಸ್ಕರ್ ಗಾಯದಿಂದಾಗಿ ಆಡುತ್ತಿರಲಿಲ್ಲ.

ಮದರಾಸಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಆದ್ದರಿಂದ ನಾಡಿನ ಜನ ಈ ಪಂದ್ಯವನ್ನು ರೇಡಿಯೋದ ವೀಕ್ಷಕ ವಿವರಣೆಯಲ್ಲಿ ಕೇಳಿದರು, ಮರುದಿನ ಪತ್ರಿಕೆಯಲ್ಲಿ ಓದಿದರು. ಅವರು ಕೇಳಿದ್ದು ಒಬ್ಬರ ಹಿಂದೆ ಒಬ್ಬರು ಔಟಾಗುವ ಸುದ್ದಿಯನ್ನೇ. ವೇಗದ ಬೌಲರ್ ಆಂಡಿ ರಾಬರ್ಟ್ಸ್ ಆ ಇನ್ನಿಂಗ್ಸ್‌ನಲ್ಲಿ 64 ರನ್ ಕೊಟ್ಟು ಏಳು ವಿಕೆಟ್ ಕಿತ್ತರು. ತಲೆಗೆ ಹೆಲ್ಮೆಟ್ ಹಾಕುವ ರೂಢಿ ಇನ್ನೂ ಬಂದಿರಲಿಲ್ಲ. ಮೇಲೇಳುವ ಚೆಂಡಿನೆದುರು ಕಣ್ಣು ಮತ್ತು ಬ್ಯಾಟು ಎರಡೇ ರಕ್ಷಣೆ.

ಒಂದು ತುದಿಯಲ್ಲಿ ವಿಕೆಟ್ ಉರುಳುತ್ತಿದ್ದಾಗ ಇನ್ನೊಂದು ತುದಿಯಲ್ಲಿ ವಿಶ್ವನಾಥ್ ನಿಂತರು. ಸುಮ್ಮನೆ ತಡೆಯುತ್ತ ನಿಲ್ಲಲಿಲ್ಲ. ರನ್ನುಗಳನ್ನೂ ಗಳಿಸುತ್ತ ಹೋದರು. ಒಂಬತ್ತನೆಯ ವಿಕೆಟ್ಟಿಗೆ ಬಿಷನ್ ಸಿಂಗ್ ಬೇಡಿ ಜೊತೆ 52 ರನ್ ಸೇರಿದವು. ಕೊನೆಗೆ ಬಂದವರು ಕರ್ನಾಟಕದವರೇ ಆದ ಬಿ. ಎಸ್. ಚಂದ್ರಶೇಖರ್. ಬೌಲಿಂಗಿನಲ್ಲಿ ಅವರು ಮಾಂತ್ರಿಕ. ಬ್ಯಾಟಿಂಗ್ ಅವರ ಕೆಲಸವಲ್ಲ. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ 242, ಗಳಿಸಿದ ರನ್ 167 ಎಂದರೆ ನಿಮಗೆ ಅರ್ಥವಾದೀತು. ಈ ಕೊನೆಯ ಜೊತೆಯಾಟದಲ್ಲಿ 21 ರನ್ ಬಂದವು. ಬಹುಪಾಲು ವಿಶ್ವನಾಥ್ ಅವರವೇ. ಚಂದ್ರಶೇಖರ್ ಔಟಾದಾಗ ತಂಡದ ಮೊತ್ತ 190. ವಿಶ್ವನಾಥ್ 97, ಔಟಾಗಿರಲಿಲ್ಲ. ಜೊತೆಗೆ ಆಡಲು ಯಾರೂ ಉಳಿದಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಉಳಿದ ಹತ್ತು ಮಂದಿಯ ರನ್ನುಗಳು ಮತ್ತು ಇತರೆ ರನ್ನುಗಳು ಎಲ್ಲ ಸೇರಿ 93. ಒಬ್ಬರದೇ 97. ವೆಸ್ಟ್ ಇಂಡೀಸ್ ಮೊದಲ ಇನ್ನಿಂಗ್ಸ್‌ನಲ್ಲಿ 192 ಗಳಿಸಿತು. ಅವರಿಗೆ ಸಿಕ್ಕ ಮುನ್ನಡೆ ಎರಡೇ ರನ್. ಕನ್ನಡಿಗ ಎರಪಳ್ಳಿ ಪ್ರಸನ್ನ ಐದು ವಿಕೆಟ್ ಪಡೆದಿದ್ದರು. ಎರಡನೆಯ ಇನ್ನಿಂಗ್ಸ್‌ನಲ್ಲಿ ಭಾರತ 256 ಗಳಿಸಿತು, ವೆಸ್ಟ್ ಇಂಡೀಸ್ 154ಕ್ಕೆ ಕುಸಿಯಿತು. ಭಾರತಕ್ಕೆ ಸರಿಯಾಗಿ 100 ರನ್ನುಗಳ ಜಯ. ದಾಂಡಿಗನಿಗೆ ನೂರು ಸಿಗಲಿಲ್ಲ, ತಂಡಕ್ಕೆ ಸಿಕ್ಕಿತು.

ಐದನೆಯ ಟೆಸ್ಟ್ ಮುಂಬಯಿಯಲ್ಲಿ. ಅಲ್ಲಿ ವಿಶ್ವನಾಥ್ 95ಕ್ಕೆ ಔಟಾದರು. ಭಾರತ ಸೋತಿತು, ಸರಣಿ 3-2ರಿಂದ ಕೈತಪ್ಪಿತು. ಆ ಸರಣಿಯಲ್ಲಿ ಅವರ ಒಟ್ಟು ರನ್ 568, ಶತಕ ಒಂದೇ. ಶತಕಗಳನ್ನಷ್ಟೇ ಎಣಿಸುವವನು ಈ ಸರಣಿಯ ಕಥೆಯನ್ನು ಅರ್ಧದಷ್ಟೂ ತಿಳಿಯಲಾರ. 2001ರಲ್ಲಿ ವಿಸ್ಡನ್ ಸಂಸ್ಥೆ ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಆಟಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಮದರಾಸಿನ ಈ 97ಕ್ಕೆ 38ನೆಯ ಸ್ಥಾನ ದೊರೆಯಿತು. ಶತಕವಲ್ಲದ ಆಟಗಳನ್ನು ಮಾತ್ರ ತೆಗೆದುಕೊಂಡರೆ ಅದಕ್ಕೆ ಎರಡನೆಯ ಸ್ಥಾನ.

ಸರಾಸರಿ ಎಂಬ ಲೆಕ್ಕ

ಇಲ್ಲಿ ಒಂದು ಚಿಕ್ಕ ಗಣಿತ ಮಾಡೋಣ. ವಿಶ್ವನಾಥ್ ಆಡಿದ ಟೆಸ್ಟ್ ಪಂದ್ಯಗಳು 91. ಬ್ಯಾಟು ಹಿಡಿದ ಇನ್ನಿಂಗ್ಸ್ 155. ಅವುಗಳಲ್ಲಿ 10 ಸಲ ಔಟಾಗಲಿಲ್ಲ. ಅಂದರೆ ಔಟಾದದ್ದು 145 ಸಲ. ಒಟ್ಟು ರನ್ 6080. ಕ್ರಿಕೆಟ್ಟಿನಲ್ಲಿ ಸರಾಸರಿ ತೆಗೆಯುವಾಗ ರನ್ನುಗಳನ್ನು ಇನ್ನಿಂಗ್ಸ್‌ಗಳ ಸಂಖ್ಯೆಯಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸುತ್ತಾರೆ. 6080ನ್ನು 145ರಿಂದ ಭಾಗಿಸಿ, 41.93 ಬರುತ್ತದೆ.

ಈ ಸರಾಸರಿ ಉತ್ತಮವಾದದ್ದೇ. ಆದರೆ ಇದಕ್ಕಿಂತ ಹೆಚ್ಚಿನ ಸರಾಸರಿ ಇದ್ದವರು ಅವರ ಕಾಲದಲ್ಲೂ ಇದ್ದರು, ನಂತರವೂ ಬಂದರು. ಹಾಗಾದರೆ ಇವರನ್ನು ಜನ ಇಷ್ಟೊಂದು ನೆನೆಯುವುದೇಕೆ? ಸರಾಸರಿಗೆ ಸುಲಭದ ಪಿಚ್ಚು ಮತ್ತು ಕಠಿಣ ಪಿಚ್ಚು ಎರಡೂ ಒಂದೇ. ದುರ್ಬಲ ಬೌಲರನ ಎದುರು ಬಂದ ರನ್ನಿಗೂ ಆಂಡಿ ರಾಬರ್ಟ್ಸ್ ಎದುರು ಬಂದ ರನ್ನಿಗೂ ಅದು ಒಂದೇ ಬೆಲೆ ಕಟ್ಟುತ್ತದೆ. ಆದ್ದರಿಂದ ಇನ್ನೊಂದು ಲೆಕ್ಕವನ್ನೂ ನೋಡಬೇಕು. ವಿಶ್ವನಾಥ್ ಹೊಡೆದ ಟೆಸ್ಟ್ ಶತಕಗಳು 14. ಅವರು ಶತಕ ಹೊಡೆದ ಒಂದು ಟೆಸ್ಟಿನಲ್ಲೂ ಭಾರತ ಸೋಲಲಿಲ್ಲ. ನಾಲ್ಕರಲ್ಲಿ ಗೆದ್ದಿತು, ಹತ್ತು ಡ್ರಾ ಆದವು.

ಗೆದ್ದ ನಾಲ್ಕರಲ್ಲಿ ಒಂದು 1976ರ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ನಡೆದದ್ದು. ಗೆಲ್ಲಲು ಭಾರತಕ್ಕೆ 403 ರನ್ ಬೇಕಿತ್ತು. ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ 400ಕ್ಕೂ ಹೆಚ್ಚು ರನ್ ಬೆನ್ನಟ್ಟಿ ಗೆದ್ದ ತಂಡ ಅದುವರೆಗೆ ಒಂದೇ. 1948ರಲ್ಲಿ ಲೀಡ್ಸ್‌ನಲ್ಲಿ ಆಸ್ಟ್ರೇಲಿಯ. ಗಾವಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶ್ವನಾಥ್ 112 ಗಳಿಸಿದರು. ಇನ್ನೊಬ್ಬ ಕನ್ನಡಿಗ ಬ್ರಿಜೇಶ್ ಪಟೇಲ್ ಔಟಾಗದೆ 49 ಗಳಿಸಿ ಗೆಲುವು ಮುಟ್ಟಿಸಿದರು. ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ಗಳಿಸಿತು.

ರಾಜ್ಯದ ಹೆಸರು, ತಂಡದ ಹೆಸರು

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಆ ಋತುವಿನ ರಣಜಿ ಟ್ರೋಫಿಯ ಸೆಮಿಫೈನಲ್ ಬೆಂಗಳೂರಿನಲ್ಲಿ ಮುಂಬಯಿ ತಂಡದ ವಿರುದ್ಧ ನಡೆಯಿತು. ಮುಂಬಯಿ ಎಂದರೆ 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಗೆದ್ದ ತಂಡ. ಅಷ್ಟು ವರ್ಷ ಒಂದೇ ತಂಡ ಗೆಲ್ಲುತ್ತಿದ್ದರೆ ಉಳಿದವರಿಗೆ ಗೆಲ್ಲಬಹುದೆಂಬ ನಂಬಿಕೆಯೇ ಉಳಿಯುವುದಿಲ್ಲ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಗಳಿಸಿದರು. ಪ್ರಸನ್ನ, ಚಂದ್ರಶೇಖರ್ ಬೌಲಿಂಗಿಗೆ ಇದ್ದರು. ಮೊದಲ ಇನ್ನಿಂಗ್ಸ್ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲ್ ತಲುಪಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. 1977-78ರಲ್ಲಿ ಎರಡನೆಯ ಸಲ ಗೆದ್ದಾಗ ಉತ್ತರ ಪ್ರದೇಶದ ವಿರುದ್ಧದ ಫೈನಲ್‌ನಲ್ಲಿ ವಿಶ್ವನಾಥ್ 247 ರನ್ ಗಳಿಸಿದರು.

ಕರೆದು ನಿಲ್ಲಿಸಿದ ದಾಂಡಿಗ

ಇನ್ನು ಅಂಕಪಟ್ಟಿಯಲ್ಲಿ ಎಲ್ಲಿಯೂ ಬರೆಯದ ಒಂದು ಸಂಗತಿ. ವಿಶ್ವನಾಥ್ ಭಾರತದ ನಾಯಕರಾಗಿದ್ದದ್ದು ಎರಡೇ ಟೆಸ್ಟುಗಳಲ್ಲಿ. ಎರಡನೆಯದು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಟೆಸ್ಟ್.

ಭಾರತ ಮೊದಲ ಇನ್ನಿಂಗ್ಸ್‌ನಲ್ಲಿ 242 ಗಳಿಸಿತ್ತು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತು. ಇಯಾನ್ ಬಾಥಮ್ ಜೊತೆಗೂಡಿದವರು ವಿಕೆಟ್ ಕೀಪರ್ ಬಾಬ್ ಟೇಲರ್. ಟೇಲರ್ ಹತ್ತು ರನ್ನನ್ನೂ ಮುಟ್ಟದಿದ್ದಾಗ ಕಪಿಲ್ ದೇವ್ ಎಸೆದ ಚೆಂಡು ಹಿಂದೆ ಕೀಪರನ ಕೈಸೇರಿತು. ಮನವಿ ಬಂತು, ಅಂಪೈರ್ ಬೆರಳೆತ್ತಿದರು. ಟೇಲರ್ ಅನುಮಾನದಿಂದ ನಿಂತರು. ಚೆಂಡು ಬ್ಯಾಟಿಗೆ ತಗುಲಿಲ್ಲ ಎಂಬುದು ಮೊದಲ ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥ್ ಅವರ ಮನಸ್ಸಿಗೂ ಬಂತು. ಅವರು ಅಂಪೈರ್ ಬಳಿಗೆ ಹೋಗಿ ಮನವಿಯನ್ನು ಹಿಂತೆಗೆದುಕೊಂಡರು. ಟೇಲರ್ ಆಟ ಮುಂದುವರಿಸಿದರು.

ನಿಯಮದ ಪ್ರಕಾರ ಇದಕ್ಕೆ ಅವಕಾಶವಿದೆ. ಕ್ಷೇತ್ರರಕ್ಷಣೆ ಮಾಡುವ ತಂಡದ ನಾಯಕ ಅಂಪೈರ್ ಒಪ್ಪಿಗೆ ಪಡೆದು ಮನವಿ ಹಿಂತೆಗೆದುಕೊಳ್ಳಬಹುದು. ಆದರೆ ಹಾಗೆ ಮಾಡಬೇಕೆಂದು ನಿಯಮ ಯಾರನ್ನೂ ಒತ್ತಾಯಿಸುವುದಿಲ್ಲ. ಈಗಿನಂತೆ ಚಿತ್ರ ನೋಡಿ ತೀರ್ಪು ಮರುಪರಿಶೀಲಿಸುವ ವ್ಯವಸ್ಥೆ ಆಗ ಇರಲಿಲ್ಲ. ನಾಯಕ ಸುಮ್ಮನಿದ್ದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.

ಮುಂದೆ ಏನಾಯಿತು? ಟೇಲರ್ 43 ಗಳಿಸಿದರು. ಬಾಥಮ್ 114 ಹೊಡೆದರು. ಇಬ್ಬರೂ ಸೇರಿ 171 ರನ್ ಕೂಡಿಸಿದರು. ಇಂಗ್ಲೆಂಡ್ 296 ಗಳಿಸಿತು. ಭಾರತ ಎರಡನೆಯ ಇನ್ನಿಂಗ್ಸ್‌ನಲ್ಲಿ 149ಕ್ಕೆ ಮುಗಿಯಿತು. ಎರಡೂ ಇನ್ನಿಂಗ್ಸ್ ಸೇರಿ ಬಾಥಮ್ ಹದಿಮೂರು ವಿಕೆಟ್ ಪಡೆದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥ್ ಮತ್ತೆ ಟೆಸ್ಟ್ ತಂಡದ ನಾಯಕರಾಗಲಿಲ್ಲ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು, ಕೇಳಬೇಕು ಕೂಡ. ನಾಯಕನ ಕರ್ತವ್ಯ ತಂಡವನ್ನು ಗೆಲ್ಲಿಸುವುದಲ್ಲವೇ? ಉಳಿದ ಹತ್ತು ಮಂದಿಯ ಶ್ರಮವನ್ನು ಒಬ್ಬನ ಮನಸ್ಸಾಕ್ಷಿಗೆ ಒಪ್ಪಿಸುವುದು ಸರಿಯೇ? ಎಷ್ಟೋ ಸಲ ಅಂಪೈರ್ ತಪ್ಪಿನಿಂದ ನಮಗೆ ನಷ್ಟವಾಗುತ್ತದೆ. ಲಾಭವಾದಾಗ ಮಾತ್ರ ಬಿಟ್ಟುಕೊಡಬೇಕೇ? ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಇನ್ನೊಂದು ಕಡೆಯ ವಾದ ಹೀಗಿದೆ: ಔಟಲ್ಲವೆಂದು ತನಗೆ ಗೊತ್ತಿದ್ದೂ ಪಡೆದ ವಿಕೆಟ್ ಬೌಲರ್ ಗಳಿಸಿದ್ದಲ್ಲ. ಅದನ್ನು ಇಟ್ಟುಕೊಂಡು ಗೆದ್ದರೆ ಆ ಗೆಲುವು ತಮ್ಮದೆಂದು ತಂಡದ ಹನ್ನೊಂದು ಮಂದಿಯೂ ನೆಮ್ಮದಿಯಿಂದ ಹೇಳಿಕೊಳ್ಳಲಾರರು.

ವಿಶ್ವನಾಥ್ ಯಾವ ಕಡೆಯವರೆಂಬುದು ಅವರ ಬ್ಯಾಟಿಂಗಿನಲ್ಲೇ ಗೊತ್ತಾಗುತ್ತಿತ್ತು. ಚೆಂಡು ತಮ್ಮ ಬ್ಯಾಟಿಗೆ ತಗುಲಿ ಕ್ಯಾಚಾಯಿತೆಂದು ತಿಳಿದರೆ ಅವರು ಅಂಪೈರ್ ಬೆರಳಿಗೆ ಕಾಯದೆ ಹೊರಟುಬಿಡುತ್ತಿದ್ದರು. ತಮಗೆ ಯಾವ ನಿಯಮ ಹಾಕಿಕೊಂಡಿದ್ದರೋ ಅದನ್ನೇ ಎದುರಾಳಿಗೂ ಅನ್ವಯಿಸಿದರು. 2011ರಲ್ಲಿ ಇಂಗ್ಲೆಂಡಿನ ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಮಹೇಂದ್ರ ಸಿಂಗ್ ಧೋನಿ ರನೌಟ್ ಆಗಿದ್ದ ಇಯಾನ್ ಬೆಲ್ ಅವರನ್ನು ಮತ್ತೆ ಆಡಲು ಕರೆದರು. ಆ ಪಂದ್ಯವನ್ನೂ ಭಾರತ ಸೋತಿತು. ನ್ಯಾಯವಾಗಿ ನಡೆದವರಿಗೆ ಗೆಲುವು ಬಂದೇ ಬರುತ್ತದೆ ಎಂಬ ಭರವಸೆಯನ್ನು ಕ್ರಿಕೆಟ್ ಕೊಡುವುದಿಲ್ಲ. ಬೆಲೆ ತೆರಬೇಕಾಗಬಹುದು ಎಂದು ತಿಳಿದೇ ನಡೆಯಬೇಕು.

ಕೊನೆಯ ವರ್ಷಗಳು

ಮುಂಬಯಿಯ ಸೋಲಿನ ನಂತರವೂ ದೊಡ್ಡ ಆಟಗಳು ಬಂದವು. 1981ರ ಫೆಬ್ರವರಿಯಲ್ಲಿ ಮೆಲ್ಬರ್ನಿನಲ್ಲಿ ಭಾರತದ ಮೊದಲ ಇನ್ನಿಂಗ್ಸ್ ಮೊತ್ತ 237. ಅದರಲ್ಲಿ ವಿಶ್ವನಾಥ್ ಅವರದು 114. ಕೊನೆಯಲ್ಲಿ ಗೆಲ್ಲಲು 143 ರನ್ ಬೇಕಿದ್ದ ಆಸ್ಟ್ರೇಲಿಯ, ಕಪಿಲ್ ದೇವ್ ಎದುರು 83ಕ್ಕೆ ಕುಸಿಯಿತು. 1982ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 222 ರನ್ ಗಳಿಸಿದರು. ಟೆಸ್ಟಿನಲ್ಲಿ ಅವರ ಅತಿ ಹೆಚ್ಚಿನ ಮೊತ್ತ ಅದೇ.

1983ರ ಆರಂಭದಲ್ಲಿ ಪಾಕಿಸ್ತಾನ ಪ್ರವಾಸದಲ್ಲಿ ಆಟ ಕೈಕೊಟ್ಟಿತು. ಕರಾಚಿಯಲ್ಲಿ ಆಡಿದ್ದೇ ಕೊನೆಯ ಟೆಸ್ಟ್ ಆಯಿತು. ಕೆಲವೇ ತಿಂಗಳ ನಂತರ ಭಾರತ ವಿಶ್ವಕಪ್ ಗೆದ್ದಾಗ ಅವರು ತಂಡದಲ್ಲಿರಲಿಲ್ಲ. 1975 ಮತ್ತು 1979ರ ವಿಶ್ವಕಪ್ಪುಗಳಲ್ಲಿ ಆಡಿದ್ದ ಅವರಿಗೆ ಆ ಸಂತೋಷದಲ್ಲಿ ಪಾಲು ಸಿಗಲಿಲ್ಲ. ಆದರೂ ಕರ್ನಾಟಕಕ್ಕಾಗಿ ಆಡುವುದನ್ನು ಅವರು ಮುಂದುವರಿಸಿದರು. ನಂತರ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಮ್ಯಾಚ್ ರೆಫರಿಯಾಗಿ ಆಟಗಾರರ ನಡವಳಿಕೆ ನೋಡಿಕೊಂಡರು. ಟೇಲರ್ ಅವರನ್ನು ಕರೆದು ನಿಲ್ಲಿಸಿದವರಿಗೆ ಆ ಕೆಲಸ ಒಪ್ಪುವಂಥದ್ದೇ.

ನಿಮ್ಮ ಜಿಲ್ಲೆಯ ತೊಂಬತ್ತೆರಡು

ವಿಶ್ವನಾಥ್ ಬೆಂಗಳೂರಿನಲ್ಲಿ ಕಲಿತವರು. ಅಲ್ಲಿ ಮೈದಾನ ಉಂಟು, ಕ್ಲಬ್ಬು ಉಂಟು. ನಮ್ಮ ಕಡೆಯವರಿಗೆ ಅದೆಲ್ಲ ಎಲ್ಲಿಂದ ಬರಬೇಕು ಎಂದು ನಿಮಗೆ ಅನಿಸಬಹುದು. ಅದಕ್ಕೆ ಉತ್ತರ ಕುರ್ತಕೋಟಿಗೆ ಹತ್ತಿರದ ಗದಗದಲ್ಲೇ ಇದೆ. ಸುನಿಲ್ ಜೋಶಿ ಹುಟ್ಟಿದ್ದು ಅಲ್ಲಿ, 1970ರ ಜೂನ್ 6ರಂದು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಊರು. ಹುಡುಗನಾಗಿದ್ದಾಗ ಅವರು ಬೆಳಗಿನ ಅಭ್ಯಾಸಕ್ಕೆ ಹುಲಕೋಟಿ, ಅಣ್ಣಿಗೇರಿ ದಾಟಿ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. ಎಡಗೈ ಸ್ಪಿನ್ ಬೌಲರಾಗಿ ಹೆಸರಾದ ಅವರು 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು.

ಅವರ ಆಟದಲ್ಲೂ ನೂರಕ್ಕೆ ಕಡಿಮೆಯಾದ ಒಂದು ದೊಡ್ಡ ಅಂಕಿ ಇದೆ. 2000ದ ನವೆಂಬರಿನಲ್ಲಿ ಬಾಂಗ್ಲಾದೇಶ ತನ್ನ ಮೊತ್ತಮೊದಲ ಟೆಸ್ಟನ್ನು ಢಾಕಾದಲ್ಲಿ ಭಾರತದ ವಿರುದ್ಧ ಆಡಿ, ಮೊದಲ ಇನ್ನಿಂಗ್ಸ್‌ನಲ್ಲಿ 400 ರನ್ ಗಳಿಸಿತು. ಆ ಇನ್ನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದವರು ಜೋಶಿ. ಭಾರತದ ಮುಖ್ಯ ದಾಂಡಿಗರು ಔಟಾದ ಮೇಲೆ ನಾಯಕ ಸೌರವ್ ಗಂಗೂಲಿ ಜೊತೆ ನಿಂತು 92 ರನ್ ಗಳಿಸಿದವರೂ ಅವರೇ. ಭಾರತ 429 ಮುಟ್ಟಿ ಮುನ್ನಡೆ ಪಡೆಯಿತು, ಒಂಬತ್ತು ವಿಕೆಟ್ಟುಗಳಿಂದ ಗೆದ್ದಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಗದಗದ ಈ ಆಟಗಾರರಿಗೆ ಬಂತು. ಅವರ ಟೆಸ್ಟ್ ಶತಕಗಳೆಷ್ಟು ಎಂದು ಕೇಳಿದರೆ ಉತ್ತರ ಸೊನ್ನೆ. ಆ ಸೊನ್ನೆಯನ್ನಷ್ಟೇ ನೋಡಿದವನಿಗೆ ಢಾಕಾದ ಆ ದಿನ ಕಾಣುವುದಿಲ್ಲ.

ನೀವೇ ಮಾಡಿ ನೋಡಿ

ಮಿತ್ರರೇ, ಅಂಕಿಗಳು ಸುಳ್ಳೆಂದು ಇದರ ಅರ್ಥವಲ್ಲ. ಅಂಕಿಗಳಿಲ್ಲದಿದ್ದರೆ ಐವತ್ತು ವರ್ಷಗಳ ಹಿಂದಿನ ಮದರಾಸಿನ ಪಂದ್ಯವನ್ನು ನಾವು ಇಲ್ಲಿ ಕುಳಿತು ತಿಳಿಯುವಂತೆಯೇ ಇರಲಿಲ್ಲ. ಅಂಕಿಯನ್ನು ಓದಲು ಕಲಿಯಬೇಕು, ಅಷ್ಟೇ.

ಮುಂದಿನ ಸಲ ಪತ್ರಿಕೆಯಲ್ಲಿ ಪಂದ್ಯದ ಅಂಕಪಟ್ಟಿ ಬಂದಾಗ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ತಂಡದ ಮೊತ್ತದಲ್ಲಿ ಈ ದಾಂಡಿಗನ ಪಾಲೆಷ್ಟು? ಇವನು ಬಂದಾಗ ಎಷ್ಟು ವಿಕೆಟ್ ಬಿದ್ದಿದ್ದವು? ಎದುರಿನ ಬೌಲರುಗಳು ಉಳಿದವರನ್ನು ಎಷ್ಟಕ್ಕೆ ಔಟ್ ಮಾಡಿದರು? ಕೊನೆಗೆ ಪಂದ್ಯ ಏನಾಯಿತು? ಈ ನಾಲ್ಕಕ್ಕೂ ಉತ್ತರ ಅಂಕಪಟ್ಟಿಯಲ್ಲೇ ಸಿಗುತ್ತದೆ. ಆಗ ಯಾವುದೋ ಮೂಲೆಯ 38 ರನ್, ಮೇಲಿನ ಸಾಲಿನ ಶತಕಕ್ಕಿಂತ ದೊಡ್ಡದಾಗಿ ಕಾಣಲೂಬಹುದು.

ನಿಮ್ಮ ಊರಿನ ಪಂದ್ಯದಲ್ಲಿ ಲೆಕ್ಕ ಬರೆಯುವ ಕೆಲಸ ನಿಮಗೆ ಬಂದರೆ ಬೇಡವೆನ್ನಬೇಡಿ. ರನ್ನುಗಳ ಜೊತೆಗೆ, ಅಂಪೈರ್ ಹೇಳುವ ಮೊದಲೇ ತಾನು ಔಟೆಂದು ಒಪ್ಪಿ ಹೊರಟವನ ಹೆಸರನ್ನೂ ಪುಟದ ಅಂಚಿನಲ್ಲಿ ಒಂದು ಕಡೆ ಬರೆದಿಡಿ. ಪಟ್ಟಿಯಲ್ಲಿ ಅದಕ್ಕೆ ಅಂಕಣ ಇಲ್ಲ. ಪಂದ್ಯ ಮುಗಿದ ಮೇಲೆ ಓದುವವರಿಗೆ ಅದೂ ತಿಳಿಯಲಿ.